ಒಂಬತ್ತು ಇಪ್ಪತ್ತರ ಬಸ್: ಮಂಗಳೂರಿನ ಒಂದು ಸಿಟಿ ರೂಟಿನ ಪ್ರಕರಣ

ಮಂಗಳೂರಿನಲ್ಲಿ ಸಿಟಿ ಬಸ್ ಕಮ್ಮಿ ಎಂದು ಹಗಲು ಹೊತ್ತು ಹೇಳಿದರೆ ಯಾರೂ ನಂಬುವುದಿಲ್ಲ. ಹಂಪನಕಟ್ಟೆಯಲ್ಲಿ ಒಂದರ ಹಿಂದೆ ಇನ್ನೊಂದು ಅಂಟಿಕೊಂಡೇ ಬರುತ್ತದೆ. ಹಿಂದಿನ ಬಸ್ಸಿನವನು ಹಾರ್ನ್ ಹೊಡೆದು ಮುಂದಿನವನನ್ನು ಎಬ್ಬಿಸುತ್ತಾನೆ. ಅದೇ ಜಾಗದಲ್ಲಿ ರಾತ್ರಿ ಎಂಟೂವರೆಗೆ ನಿಂತು ನೋಡಬೇಕು. ಸುರತ್ಕಲ್, ತೊಕ್ಕೊಟ್ಟು ಕಡೆಗೆ ಹೇಗೋ ಏನೋ ಒಂದು ಸಿಗುತ್ತದೆ. ಹೆದ್ದಾರಿ ಬಿಟ್ಟು ಒಳಗೆ ಹೋಗುವ ಊರಿನವರು ಮಾತ್ರ ಕತ್ತು ಉದ್ದ ಮಾಡಿ ಕಾಯುತ್ತಲೇ ಇರುತ್ತಾರೆ.

ಇದು ಅಂಥ ಒಂದು ರೂಟಿನ ಕಥೆ. ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಿಂದ ಹೊರಟು ಹಂಪನಕಟ್ಟೆ, ಜ್ಯೋತಿ, ಕಂಕನಾಡಿ ದಾಟಿ, ಪಂಪ್‌ವೆಲ್‌ನಲ್ಲಿ ಹೆದ್ದಾರಿ ಹಿಡಿದು, ಆಮೇಲೆ ಒಳಕ್ಕೆ ತಿರುಗಿ ಗುಡ್ಡ ಹತ್ತಿ ಮುಗಿಯುವ ರೂಟ್. ಊರಿನ ಹೆಸರು, ರೂಟ್ ನಂಬರ್ ಬರೆಯುವುದಿಲ್ಲ. ಓಡುವುದೇ ಬೆರಳೆಣಿಕೆಯ ಬಸ್, ನಂಬರ್ ಹೇಳಿದರೆ ಮಾಲಕರ ಹೆಸರು ಹೇಳಿದ ಹಾಗೆಯೇ ಆಗುತ್ತದೆ. ಅವರ ಜೊತೆ ಈಗ ನಮಗೆ ಜಗಳವೂ ಇಲ್ಲ.

ಸಮಸ್ಯೆ ಇಷ್ಟು. ಆ ಊರಿಗೆ ರಾತ್ರಿ 7.40ರ ಬಸ್ ಹೋದ ಮೇಲೆ ಮತ್ತೆ ಬಸ್ ಇರಲಿಲ್ಲ. ಜವಳಿ ಅಂಗಡಿಯ ಹುಡುಗಿಯರು ಶಟರ್ ಎಳೆದು ಹೊರಗೆ ಬರುವಾಗಲೇ ಎಂಟೂಕಾಲು. ಆಸ್ಪತ್ರೆಯಲ್ಲಿ ಎಂಟಕ್ಕೆ ಡ್ಯೂಟಿ ಮುಗಿದರೂ ಮುಂದಿನವರಿಗೆ ವಾರ್ಡ್ ಒಪ್ಪಿಸಿ ಬರುವಾಗ ಎಂಟೂವರೆ ಆಗುತ್ತದೆ. ಇವರೆಲ್ಲ ಹೆದ್ದಾರಿಯಲ್ಲಿ ಓಡುವ ಬೇರೆ ಯಾವುದಾದರೂ ಬಸ್ ಹತ್ತಿ ಕ್ರಾಸ್‌ನಲ್ಲಿ ಇಳಿಯುತ್ತಿದ್ದರು. ಅಲ್ಲಿಂದ ಗುಡ್ಡದ ಮೇಲಕ್ಕೆ ಮೂರು ಕಿಲೋಮೀಟರ್. ಆಟೋದವರು ವಾಪಸ್ ಖಾಲಿ ಬರಬೇಕಲ್ಲ, ಅದನ್ನೂ ಸೇರಿಸಿಯೇ ಬಾಡಿಗೆ ಹೇಳುತ್ತಾರೆ. ಹತ್ತು ಗಂಟೆ ದಾಟಿದರೆ ಮೀಟರೇ ಒಂದೂವರೆ ಪಾಲು. ದಿನದ ಕೂಲಿಯಲ್ಲಿ ಎಷ್ಟು ಇದಕ್ಕೇ ಹೋಗುತ್ತದೆ ಎಂದು ಅವರು ಲೆಕ್ಕ ಹಾಕುವುದನ್ನೇ ಬಿಟ್ಟಿದ್ದರು.

ಕೊನೆಗೆ ಏನಾಗುತ್ತದೆ? ಮನೆಯವರು ಸಾಲ ಮಾಡಿ ಸ್ಕೂಟರ್ ತೆಗೆಸುತ್ತಾರೆ. ಬಸ್ ಇಲ್ಲದ ಊರಿನಲ್ಲಿ ಸ್ಕೂಟರ್ ಲೋನ್ ಅಂದರೆ ಬಸ್ ಪಾಸ್ ಇದ್ದ ಹಾಗೆ, ತಿಂಗಳು ತಿಂಗಳು ಕಟ್ಟಲೇಬೇಕು. ಸ್ಕೂಟರ್ ಬಂದ ಮೇಲೆ ಆ ಹುಡುಗಿ ಬೆಳಗಿನ ಬಸ್ಸಿಗೂ ಬರುವುದಿಲ್ಲ. ರಾತ್ರಿಯ ಒಂದು ಟ್ರಿಪ್ ಉಳಿಸಲು ಹೋಗಿ ಬಸ್ಸಿನವರು ಹಗಲಿನ ಟಿಕೆಟನ್ನೂ ಕಳೆದುಕೊಳ್ಳುತ್ತಾರೆ. ಇದು ಮಾಲಕರಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಒಬ್ಬೊಬ್ಬರದ್ದು ಒಂದೊಂದೇ ಬಸ್, ಎರಡೆರಡೇ ಬಸ್. ಇವತ್ತಿನ ಡೀಸೆಲ್ ಇವತ್ತಿನ ಕಲೆಕ್ಷನ್‌ನಲ್ಲಿ ಹುಟ್ಟಬೇಕು. ನಾಲ್ಕು ವರ್ಷದ ನಂತರದ ಪ್ರಯಾಣಿಕರ ಬಗ್ಗೆ ಯೋಚನೆ ಮಾಡುವ ಪುರುಸೊತ್ತು ಯಾರಿಗೆ ಉಂಟು?

ಯಾವ ಬಸ್ ಕೇಳುವುದು?

ನಮ್ಮದು ಹೆಸರು, ರಿಜಿಸ್ಟ್ರೇಷನ್, ಬ್ಯಾನರ್ ಏನೂ ಇಲ್ಲದ ಗುಂಪು. ಒಬ್ಬರು ನರ್ಸ್, ಒಬ್ಬ ಎಂಜಿನಿಯರಿಂಗ್ ವಿದ್ಯಾರ್ಥಿ (ಇವನು ಸೈಕಲ್ ಹುಚ್ಚ), ಇಬ್ಬರು ಅಂಗಡಿ ಕೆಲಸದ ಹೆಂಗಸರು, ಯುವಕ ಮಂಡಲದ ಒಂದೆರಡು ಜನ, ಒಬ್ಬರು ನಿವೃತ್ತ ಬ್ಯಾಂಕಿನವರು. ಇಷ್ಟೊಂದು ಬ್ಯಾಂಕ್ ಹುಟ್ಟಿದ ದಕ್ಷಿಣ ಕನ್ನಡ–ಉಡುಪಿ ಅವಳಿ ಜಿಲ್ಲೆಯಲ್ಲಿ ಯಾವ ಸಮಿತಿಗಾದರೂ ಒಬ್ಬ ನಿವೃತ್ತ ಬ್ಯಾಂಕಿನವರು ಸಿಕ್ಕೇ ಸಿಗುತ್ತಾರೆ. ಫೈಲು ಇಡುವುದು ಹೇಗೆ ಎಂದು ಅವರಿಗೆ ಹೇಳಿಕೊಡಬೇಕಾಗಿಲ್ಲ.

ಮೊದಲ ಮಾತುಕತೆಯಲ್ಲೇ ಗುಂಪು ಒಡೆಯುವ ಹಾಗಿತ್ತು. ಹೆಂಗಸರ ವಾದ ಬಹಳ ನೇರ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. ರಾಜ್ಯದ ಹೆಂಗಸರೆಲ್ಲ ಸರ್ಕಾರಿ ಬಸ್ಸಿನಲ್ಲಿ ದುಡ್ಡು ಕೊಡದೆ ಓಡಾಡುತ್ತಿದ್ದಾರೆ. ನಾವು ಮಾತ್ರ ದುಡ್ಡು ಕೊಡಬೇಕು, ಯಾಕೆಂದರೆ ನಮ್ಮಲ್ಲಿ ಓಡುವುದು ಪ್ರೈವೇಟ್ ಬಸ್. ನಾವೂ ತೆರಿಗೆ ಕಟ್ಟುವವರಲ್ಲವಾ? ಕೆಎಸ್‌ಆರ್‌ಟಿಸಿ ಬಸ್ ಕೇಳಿ, ಬೇರೇನೂ ಬೇಡ.

ಈ ವಾದಕ್ಕೆ ಉತ್ತರ ಇಲ್ಲ. ಆದರೆ ಇಲ್ಲಿನ ಬಸ್ಸಿಗೆ ಒಂದು ಹಳೆಯ ಹಿನ್ನೆಲೆ ಉಂಟು. ಮೈಸೂರು ಸಂಸ್ಥಾನದಲ್ಲಿ ಸರ್ಕಾರಿ ಬಸ್ ಶುರುವಾದದ್ದು 1948ರಲ್ಲಿ. ಆಗ ನಮ್ಮ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಕೆಎಸ್‌ಆರ್‌ಟಿಸಿ ನಿಗಮ ಆದದ್ದು 1961ರಲ್ಲಿ. ಅಷ್ಟರಲ್ಲಿ ಇಲ್ಲಿ ಪ್ರೈವೇಟ್ ಬಸ್ ಬೇರುಬಿಟ್ಟು ದಶಕಗಳೇ ಕಳೆದಿದ್ದವು. ಸಿಪಿಸಿ ಎಂದು ಎಲ್ಲರೂ ಕರೆಯುತ್ತಿದ್ದ ಕೆನರಾ ಪಬ್ಲಿಕ್ ಕನ್ವೆಯೆನ್ಸ್ ಕಂಪೆನಿ ಶುರುವಾದದ್ದು 1914ರಲ್ಲಿ. ಇವತ್ತಿಗೂ ಮಂಗಳೂರು–ಉಡುಪಿ ನಡುವೆ ಸಾಮಾನ್ಯ ಜನ ಹತ್ತುವುದು ಪ್ರೈವೇಟ್ ಎಕ್ಸ್‌ಪ್ರೆಸ್ಸನ್ನೇ. ಮಂಗಳೂರು–ಕಾಸರಗೋಡು ರೂಟಿನಲ್ಲಿ ಮಾತ್ರ ಎರಡೂ ರಾಜ್ಯಗಳ ಸರ್ಕಾರಿ ಬಸ್ಸಿನದ್ದೇ ಓಡಾಟ. ಒಂದೇ ಊರಿನಿಂದ ಉತ್ತರಕ್ಕೆ ಹೊರಟರೆ ಒಂದು ಲೋಕ, ದಕ್ಷಿಣಕ್ಕೆ ಹೊರಟರೆ ಇನ್ನೊಂದು.

ಹೊಸ ಸರ್ಕಾರಿ ಬಸ್ ಬರಬೇಕಾದರೆ ಪರ್ಮಿಟ್ ಬೇಕು. ಪರ್ಮಿಟ್ ಕೊಡುವುದು ಪ್ರಾದೇಶಿಕ ಸಾರಿಗೆ ಪ್ರಾಧಿಕಾರ, ಅಂದರೆ ಆರ್‌ಟಿಎ. ಜಿಲ್ಲಾಧಿಕಾರಿ ಅದರ ಅಧ್ಯಕ್ಷರು, ಆರ್‌ಟಿಒ ಕಾರ್ಯದರ್ಶಿ. ಅಲ್ಲಿ ಈಗ ಓಡಿಸುತ್ತಿರುವವರು ತಕರಾರು ಹಾಕಬಹುದು. ಪರ್ಮಿಟ್ ಸಿಕ್ಕಿದರೂ ಸಾರಿಗೆ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು, ಅಲ್ಲಿಂದ ಹೈಕೋರ್ಟ್‌ಗೆ. ನಗರಗಳ ಅಭಿವೃದ್ಧಿಗೆಂದು ಕೇಂದ್ರ ತಂದ ನರ್ಮ್ ಯೋಜನೆಯಲ್ಲಿ ಬಂದ ಸರ್ಕಾರಿ ಬಸ್ಸುಗಳು ಮಂಗಳೂರು, ಉಡುಪಿಯಲ್ಲಿ ರೋಡಿಗೆ ಇಳಿಯುವಾಗ ಎಷ್ಟು ಎಳೆದಾಟ ಆಯಿತು ಎಂಬುದು ಇಲ್ಲಿನವರಿಗೆ ನೆನಪಿರಬಹುದು. ಉಡುಪಿಯಲ್ಲಿ ಜನ ಇನ್ನೂ ‘ನರ್ಮ್ ಬಸ್’ ಎಂದೇ ಹೇಳುತ್ತಾರೆ.

ಬ್ಯಾಂಕಿನವರು ಆಗ ಒಂದು ಪ್ರಶ್ನೆ ಕೇಳಿದರು. “ಹೊಸ ಬಸ್ ಆಮೇಲೆ ನೋಡುವ. ಈಗ ಇರುವ ಬಸ್ಸಿನ ಪರ್ಮಿಟ್‌ನಲ್ಲಿ ಎಂತ ಬರೆದಿದ್ದಾರೆ ಅಂತ ನಿಮ್ಮಲ್ಲಿ ಯಾರಾದರೂ ನೋಡಿದ್ದೀರಾ?”

ಯಾರೂ ನೋಡಿರಲಿಲ್ಲ. ಈ ಪ್ರಕರಣದಲ್ಲಿ ಬೇರೆಯವರಿಗೆ ಉಪಯೋಗಕ್ಕೆ ಬರುವ ವಿಷಯ ಒಂದೇ ಇದ್ದರೆ ಅದು ಈ ಪ್ರಶ್ನೆ ಎಂದು ನನಗೆ ಅನಿಸುತ್ತದೆ. ಬಸ್ ಬೇಕು, ಬಸ್ ಬೇಕು ಎಂದು ಮನವಿ ಕೊಡುವ ಊರುಗಳು ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟಿವೆ. ಕಾಗದದ ಮೇಲೆ ಆಗಲೇ ಇರುವ ಬಸ್ಸನ್ನು ಕೇಳುವವರು ಕಮ್ಮಿ.

ಹತ್ತು ರೂಪಾಯಿಯ ಅರ್ಜಿ

ಮಾಹಿತಿ ಹಕ್ಕು ಅರ್ಜಿ ಬರೆಯುವುದು ಎಲ್ಲರಿಗೂ ಗೊತ್ತು ಎಂದು ನಾವು ಅಂದುಕೊಂಡಿರುತ್ತೇವೆ. ಕರ್ನಾಟಕದಲ್ಲಿ ಅದಕ್ಕೆ ಎರಡು ಕಟ್ಟುಪಾಡು. ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಶಬ್ದ ದಾಟಬಾರದು. ಫೀಸು 10 ರೂಪಾಯಿ, ಪೋಸ್ಟಲ್ ಆರ್ಡರ್ ಲಗತ್ತಿಸಿದರೆ ಸಾಕು. ಉತ್ತರಕ್ಕೆ 30 ದಿನ. ಬರದಿದ್ದರೆ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ.

ಇದರಲ್ಲಿ ಜಾಸ್ತಿ ಜನ ಎಡವುವುದು ‘ಯಾಕೆ’ ಎಂದು ಕೇಳುವುದರಿಂದ. ‘ರಾತ್ರಿ ಬಸ್ ಯಾಕೆ ಓಡುತ್ತಿಲ್ಲ’ ಎಂದು ಬರೆದರೆ ‘ಕೋರಿದ ಮಾಹಿತಿ ಈ ಕಚೇರಿಯಲ್ಲಿ ಲಭ್ಯವಿಲ್ಲ’ ಎಂದು ಎರಡು ಸಾಲಿನ ಉತ್ತರ ಬರುತ್ತದೆ. ಅವರು ಹೇಳುವುದೂ ಸರಿಯೇ. ಕಚೇರಿಯಲ್ಲಿ ಇರುವುದು ಕಾಗದ, ಕಾರಣ ಅಲ್ಲ. ಅದಕ್ಕೆ ನಾವು ಕಾಗದವನ್ನೇ ಕೇಳಿದೆವು: ಇಂಥಲ್ಲಿಂದ ಇಂಥಲ್ಲಿಗೆ ಇಂದು ಚಾಲ್ತಿಯಲ್ಲಿರುವ ಎಲ್ಲ ಮಜಲು ವಾಹನ (ಸ್ಟಾಪಿನಿಂದ ಸ್ಟಾಪಿಗೆ ಜನರನ್ನು ಹತ್ತಿಸಿ ಇಳಿಸುವ ಬಸ್) ಪರವಾನಗಿಗಳ ಮತ್ತು ಅವುಗಳ ಅನುಮೋದಿತ ವೇಳಾಪಟ್ಟಿಗಳ ದೃಢೀಕೃತ ಪ್ರತಿ. ಇಷ್ಟೇ.

ಪ್ರತಿ ಬಂತು. ಝೆರಾಕ್ಸ್‌ನ ಝೆರಾಕ್ಸ್, ಬದಿಯ ಅಕ್ಷರ ಅರ್ಧ ಮಾಸಿದೆ. ಒಂದೊಂದು ಬಸ್ಸಿಗೆ ಒಂದೊಂದು ಹಾಳೆ. ಎಡಕ್ಕೆ ಸ್ಟಾಪುಗಳ ಹೆಸರು, ಬಲಕ್ಕೆ ಬರುವ ಹೊತ್ತು, ಬಿಡುವ ಹೊತ್ತು. ಒಂದು ಹಾಳೆಯಲ್ಲಿ ಬಸ್ಸಿನ ನಂಬರನ್ನು ಎರಡು ಸಲ ಹೊಡೆದು ಹಾಕಿ ಮೂರನೆಯದು ಬರೆದಿದ್ದರು. ಬಸ್ ಹಳತಾಗಿ ಬದಲಾಗಿದೆ, ಟೈಮಿಂಗ್ ಮಾತ್ರ ಹಾಗೇ ಮುಂದುವರಿದಿದೆ. ಮಾರ್ಕೆಟ್ ಎಂದು ಬರೆದಿದ್ದ ಒಂದು ಸ್ಟಾಪ್ ಎಲ್ಲಿ ಎಂದು ಊರಿನ ಹಿರಿಯರನ್ನು ಕೇಳಿದ ಮೇಲೆಯೇ ತಿಳಿದದ್ದು.

ಆ ಹಾಳೆಗಳ ಕೊನೆಯ ಸಾಲುಗಳನ್ನು ನರ್ಸ್ ಅಕ್ಕ ಬೆರಳಿಟ್ಟು ಓದಿದರು. ಸ್ಟೇಟ್ ಬ್ಯಾಂಕ್ ಬಿಡುವುದು 8.20. ಇನ್ನೊಂದು ಬಸ್ 8.50. ಮತ್ತೊಂದು 9.20. ಆ 9.20ರ ಎದುರು ‘ರಾತ್ರಿ ತಂಗು’ ಎಂದು ಬರೆದಿತ್ತು. ಅದೇ ಬಸ್ ಬೆಳಿಗ್ಗೆ 6.10ಕ್ಕೆ ಗುಡ್ಡದ ಮೇಲಿನಿಂದ ಹೊರಡಬೇಕು.

“ಅಂದರೆ ನಮಗೆ ಮೂರು ಬಸ್ ಉಂಟು!” ಎಂದರು ಅವರು. ಆಮೇಲೆ ನಗಬೇಕೋ ಅಳಬೇಕೋ ಗೊತ್ತಾಗದೆ ಹಾಳೆಗಳನ್ನು ಮಡಚಿಟ್ಟರು.

1988ರ ಮೋಟಾರು ವಾಹನ ಕಾಯ್ದೆಯಲ್ಲಿ 72ನೇ ಕಲಂ ಎಂದೊಂದುಂಟು. ಪರ್ಮಿಟ್ ಕೊಡುವಾಗ ಏನೇನು ಷರತ್ತು ಹಾಕಬಹುದು ಎಂದು ಅದು ಹೇಳುತ್ತದೆ. ದಿನಕ್ಕೆ ಕನಿಷ್ಠ ಇಷ್ಟು ಟ್ರಿಪ್ ಓಡಿಸಬೇಕು ಎನ್ನಬಹುದು. ಮಂಜೂರಾದ ವೇಳಾಪಟ್ಟಿಯ ಪ್ರತಿಯನ್ನು ಬಸ್ಸಿನಲ್ಲೂ ಗೊತ್ತು ಮಾಡಿದ ಸ್ಟಾಪುಗಳಲ್ಲೂ ಹಾಕಬೇಕು ಎನ್ನಬಹುದು. ಷರತ್ತು ಮುರಿದರೆ 86ನೇ ಕಲಂ ಪ್ರಕಾರ ಪರ್ಮಿಟ್ ರದ್ದು ಅಥವಾ ಅಮಾನತು ಮಾಡುವ ಅಧಿಕಾರ ಪ್ರಾಧಿಕಾರಕ್ಕೆ ಉಂಟು, ಮಾಲಕರ ಮಾತು ಕೇಳಿದ ಮೇಲೆ. ಕಾನೂನು ಇಷ್ಟು ಸ್ಪಷ್ಟವಾಗಿರುವಾಗ ಸ್ಟಾಪಿನಲ್ಲಿ ಟೈಮಿಂಗ್ ಬೋರ್ಡ್ ನೋಡಿದವರು ಮಂಗಳೂರಿನಲ್ಲಿ ಎಷ್ಟು ಜನ ಇದ್ದಾರು? ರಾಜಕಾರಣಿಗಳ ಹುಟ್ಟುಹಬ್ಬದ ಫ್ಲೆಕ್ಸ್‌ಗೆ ಜಾಗ ಉಂಟು, ಬಸ್ ಎಷ್ಟು ಗಂಟೆಗೆ ಎಂದು ಬರೆಯಲು ಇಲ್ಲ.

ಕಾಗದ ಸಿಕ್ಕಿದರೆ ಸಾಲದು, ಬಸ್ ಓಡುತ್ತಿಲ್ಲ ಎಂಬುದಕ್ಕೆ ಲೆಕ್ಕ ಬೇಕು. ಕೆಲವು ವಾರ ಸರದಿ ಹಾಕಿ ಹಂಪನಕಟ್ಟೆಯಲ್ಲೂ ಊರಿನ ಕೊನೆಯ ಸ್ಟಾಪಿನಲ್ಲೂ ಒಬ್ಬೊಬ್ಬರು ಬರೆದಿಟ್ಟರು. ಅಂಗಡಿ ಕೆಲಸದವರು ಹೇಗೂ ಅಲ್ಲಿ ಕಾಯುವವರೇ. ಅಲ್ಲಿನ ಲೆಕ್ಕ ಅವರದ್ದು. ಚಲೋ ಆ್ಯಪ್‌ನಲ್ಲಿ ಬಸ್ ಎಲ್ಲಿದೆ ಎಂದು ಕಾಣುವುದರಿಂದ ಅದರ ಸ್ಕ್ರೀನ್‌ಶಾಟ್‌ಗಳನ್ನೂ ವಿದ್ಯಾರ್ಥಿ ಸೇರಿಸಿದ. ತಾರೀಕು, ಹೊತ್ತು, ಬಸ್ ಬಂತೋ ಇಲ್ಲವೋ, ಎಷ್ಟು ಜನ ಕಾಯುತ್ತಿದ್ದರು. ನಾಲ್ಕೇ ಕಾಲಂ. ಸಿಟ್ಟಿನ ಮಾತು ಬರೆಯಲು ಐದನೆಯ ಕಾಲಂ ಇಡಲಿಲ್ಲ, ಅದು ಬ್ಯಾಂಕಿನವರ ಕಟ್ಟಪ್ಪಣೆ.

ಕಂಡಕ್ಟರ್ ಹೇಳಿದ್ದು

ಇಲ್ಲಿಯವರೆಗಿನದ್ದು ಎಲ್ಲ ಹೋರಾಟಗಳಲ್ಲೂ ಇರುವಂಥದ್ದೇ. ಬಸ್ ಬಿಡದ ಮಾಲಕ ಕೆಟ್ಟವ, ಕಾಯುವ ಜನ ಪಾಪದವರು. ಪ್ರಕರಣ ತಿರುಗಿದ್ದು ಒಬ್ಬ ಕಂಡಕ್ಟರ್‌ನಿಂದ.

ಟ್ರಿಪ್ ಕಟ್ ಆಗುವುದಕ್ಕೆ ಸಾಮಾನ್ಯವಾಗಿ ಹೇಳುವ ಕಾರಣ ಕಲೆಕ್ಷನ್ ಇಲ್ಲ ಎಂದು. ಅದು ಸುಳ್ಳಲ್ಲ. ರಾತ್ರಿ ಹೋಗುವಾಗ ಬಸ್ ಕಂಕನಾಡಿಯವರೆಗೆ ತುಂಬಿರುತ್ತದೆ, ಆಮೇಲೆ ಅರ್ಧ. ವಾಪಸ್ ಬರುವಾಗ ಡ್ರೈವರ್, ಕಂಡಕ್ಟರ್ ಇಬ್ಬರೇ. ಕಂಡಕ್ಟರ್‌ಗೆ ಭತ್ತೆ ಸಿಗುವುದು ಕಲೆಕ್ಷನ್ ನೋಡಿ. ಖಾಲಿ ಟ್ರಿಪ್ ಅಂದರೆ ಅವನ ಜೇಬಿಗೂ ಪೆಟ್ಟು. ಆದರೆ 9.20ರ ಬಸ್ ವಾಪಸ್ ಬರಲೇಬೇಕಾಗಿಲ್ಲ, ಅಲ್ಲೇ ತಂಗುವ ಬಸ್ ಅದು. ಖಾಲಿ ಓಟದ ಲೆಕ್ಕ ಅದಕ್ಕೆ ಅನ್ವಯಿಸುವುದೇ ಇಲ್ಲ. ಮತ್ತೆ ಯಾಕೆ ನಿಂತಿತು?

ನರ್ಸ್ ಅಕ್ಕ ದಿನಾ ಬೆಳಿಗ್ಗೆ ಹೋಗುವ ಬಸ್ಸಿನ ಕಂಡಕ್ಟರ್‌ನಲ್ಲಿ ಸುಮ್ನೆ ಕೇಳಿದರು. “ಅಣ್ಣ, ಮೊದಲು ರಾತ್ರಿ ಇಲ್ಲೇ ನಿಲ್ಲುತ್ತಿದ್ದ ಬಸ್ ಉಂಟಲ್ಲ, ಅದು ಎಲ್ಲಿ ಹೋಯಿತು?”

“ನಿಲ್ಲುವುದು ಎಲ್ಲಿ ಅಕ್ಕ? ಮೊದಲು ಆ ಗದ್ದೆ ಬದಿಯ ಮನೆಯವರು ಚಾವಡಿಯಲ್ಲಿ ಮಲಗಲಿಕ್ಕೆ ಬಿಡುತ್ತಿದ್ದರು. ಅವರು ಮನೆ ಮಾರಿದರು. ಈಗ ಅಲ್ಲಿ ಅಪಾರ್ಟ್‌ಮೆಂಟ್. ಆಮೇಲೆ ನಾವು ಬಸ್ಸಿನ ಸೀಟಲ್ಲೇ ಮಲಗಿದ್ದು. ಮಳೆಗಾಲದಲ್ಲಿ ಗ್ಲಾಸ್ ಸಂದಿಯಿಂದ ನೀರು. ಬೆಳಿಗ್ಗೆ ಹೋಗಲಿಕ್ಕೆ ಟಾಯ್ಲೆಟ್ ಇಲ್ಲ. ಒಂದು ದಿನ ಡೀಸೆಲೂ ಕದ್ದುಕೊಂಡು ಹೋದರು. ಮತ್ತೆ ಯಾರು ನಿಲ್ಲುತ್ತಾರೆ ಹೇಳಿ.”

ಮಾಲಕರಿಗೆ ಆಗ ಬೇರೆ ದಾರಿ ಕಾಣಲಿಲ್ಲ. ಡ್ರೈವರ್‌ಗಳೇ ಸಿಗದ ಕಾಲ ಇದು, ಇದ್ದವರನ್ನು ಕಳೆದುಕೊಳ್ಳುವ ಹಾಗಿಲ್ಲ. 7.40ರ ಟ್ರಿಪ್ ಮುಗಿಸಿ ಬಸ್ ನಗರದ ಆಚೆ ಬದಿಯ ಶೆಡ್ಡಿಗೆ ಹೋಗತೊಡಗಿತು. ಅಲ್ಲಿಂದ ಬೆಳಿಗ್ಗೆ ಗುಡ್ಡಕ್ಕೆ ಬರುವಾಗ ಏಳು ಗಂಟೆ. ಹಾಗಾಗಿ 6.10ರ ಟ್ರಿಪ್ಪೂ ಹೋಯಿತು. ಬೆಳಗಿನ ಬಸ್ ತಡ ಎಂದು ಶಾಲೆ ಮಕ್ಕಳ ತಾಯಂದಿರು ಬೇರೆಯೇ ಮನವಿ ಕೊಟ್ಟಿದ್ದರಂತೆ. ರಾತ್ರಿಯ ಬಸ್ಸೂ ಬೆಳಗಿನ ಬಸ್ಸೂ ಒಂದೇ ಬಸ್ ಎಂದು ಎರಡೂ ಕಡೆಯವರಿಗೆ ಗೊತ್ತಿರಲಿಲ್ಲ.

ನಗರ ಯೋಜನೆಯ ದೊಡ್ಡ ಮಾತು ಆಡುವವರು ಈ ವಿಷಯವನ್ನು ಎಲ್ಲೂ ಎತ್ತುವುದನ್ನು ನಾನು ಕೇಳಿಲ್ಲ. ಜಾಗದ ಬೆಲೆ ಏರಿದಾಗ ಊರಿನ ಅಂಚಿನಲ್ಲಿ ಬಸ್ ತಿರುಗಿಸುವ ಜಾಗ, ನಿಲ್ಲಿಸುವ ಜಾಗ, ಬಸ್ಸಿನವರು ಮಲಗುವ ಜಾಗ ಎಲ್ಲ ಸದ್ದಿಲ್ಲದೆ ಮಾಯವಾಗುತ್ತದೆ. ಲೇಔಟ್ ಮಂಜೂರು ಮಾಡುವಾಗ ಪಾರ್ಕಿಗೆ ಇಷ್ಟು, ರಸ್ತೆಗೆ ಇಷ್ಟು ಎಂದು ಬಿಡಿಸುತ್ತಾರೆ. ನೂರಾರು ಮನೆ ಬರುವಲ್ಲಿ ಒಂದು ಬಸ್ ತಿರುಗಲು ಜಾಗ ಬಿಡಿ ಎಂದು ಹೇಳುವವರಿಲ್ಲ. 2016ರಲ್ಲಿ ಮಂಗಳೂರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. ನಗರದ ನಡುವೆ ರಸ್ತೆ, ಫುಟ್‌ಪಾತ್, ಕ್ಲಾಕ್ ಟವರ್ ಎಲ್ಲ ಹೊಸತಾಯಿತು. ಬಸ್ ರಾತ್ರಿ ಮಲಗುವುದು ಮಾತ್ರ ನಗರದ ನಡುವೆ ಅಲ್ಲವಲ್ಲ.

ಪ್ರಾಧಿಕಾರದ ಮುಂದೆ

ಅರ್ಜಿ ಮತ್ತು ಲೆಕ್ಕದ ಹಾಳೆಗಳನ್ನು ಆರ್‌ಟಿಎಗೆ ಕೊಟ್ಟೆವು. ಮಾಲಕರನ್ನೂ ಕರೆಸಿದ್ದರು. ಸಭೆಯಲ್ಲಿ ನಮ್ಮ ವಿಷಯಕ್ಕೆ ಸಿಕ್ಕಿದ್ದು ಕೆಲವೇ ನಿಮಿಷ. ಇಂಥ ಸಭೆಗೆ ಹೋಗುವವರು ಇದನ್ನು ತಿಳಿದುಕೊಂಡೇ ಹೋಗಬೇಕು. ಪರ್ಮಿಟ್ ವರ್ಗಾವಣೆ, ನವೀಕರಣ, ಟೈಮಿಂಗ್ ತಕರಾರು ಎಂದು ವಿಷಯಪಟ್ಟಿ ಉದ್ದ ಇರುತ್ತದೆ. ಭಾಷಣ ತಯಾರು ಮಾಡಿಕೊಂಡು ಹೋದರೆ ಕೆಲಸ ಕೆಟ್ಟಿತು.

ಬ್ಯಾಂಕಿನವರು ಎದ್ದು ನಿಂತು ಹೇಳಿದ್ದು ಇಷ್ಟೇ: “ಸಾರ್, ನಾವು ಹೊಸದೇನೂ ಕೇಳುತ್ತಿಲ್ಲ. ನಿಮ್ಮ ಕಚೇರಿಯೇ ಮಂಜೂರು ಮಾಡಿದ ಮೂರು ಟ್ರಿಪ್ ಇಲ್ಲಿದೆ. ಅವು ಓಡದ ದಿನಗಳ ಪಟ್ಟಿ ಇದು.”

ಮಾಲಕರ ಕಡೆಯವರೂ ಸಿಟ್ಟಾಗಲಿಲ್ಲ. “ಖಾಲಿ ಬಸ್ ಓಡಿಸಿ ನಾವು ಯಾರನ್ನು ಉದ್ಧಾರ ಮಾಡುವುದು ಸಾರ್? ಜನ ಇದ್ದರೆ ನಾವು ಯಾಕೆ ಬಿಡುವುದಿಲ್ಲ?” ಎಂದರು. ಎಷ್ಟು ಜನ ಕಾಯುತ್ತಿದ್ದರು ಎಂಬ ನಾಲ್ಕನೆಯ ಕಾಲಂ ಆಗ ಕೆಲಸಕ್ಕೆ ಬಂತು. 8.20ಕ್ಕೆ ಜನ ಚೆನ್ನಾಗಿದ್ದರು. 8.50ಕ್ಕೆ ಬಹಳ ಕಮ್ಮಿ. 9.20ಕ್ಕೆ ಮತ್ತೆ ಸ್ವಲ್ಪ ಜಾಸ್ತಿ, ಹೋಟೆಲ್ ಕೆಲಸದವರು ಬಿಡುವ ಹೊತ್ತು ಅದು. ನಮಗೆ ಅನುಕೂಲ ಇಲ್ಲದ ಸಂಖ್ಯೆಯನ್ನೂ ಹಾಗೇ ಇಟ್ಟಿದ್ದರಿಂದ ಉಳಿದದ್ದನ್ನು ಅವರು ಒಪ್ಪಿದರು ಎಂದು ನನ್ನ ಲೆಕ್ಕ.

86ನೇ ಕಲಂ ಎಂಬ ಮಾತು ಅಲ್ಲಿ ಯಾರೂ ಎತ್ತಲಿಲ್ಲ. ಅದು ಫೈಲಿನಲ್ಲಿತ್ತು, ಎಲ್ಲರಿಗೂ ಗೊತ್ತಿತ್ತು. ಪರ್ಮಿಟ್ ಅಮಾನತು ಮಾಡಿಸಿದರೆ ಇರುವ ಹಗಲಿನ ಬಸ್ಸೂ ಹೋಗುತ್ತದೆ. ಊರಿನವರು ಆಮೇಲೆ ನಮ್ಮನ್ನೇ ಅಟ್ಟಿಸಿಕೊಂಡು ಬರುತ್ತಾರೆ. ಬೆದರಿಕೆಯ ಕಲಂ ಬೆದರಿಕೆಯಾಗಿಯೇ ಇದ್ದರೆ ಚೆಂದ.

ಹೊರಗೆ ಬಂದ ಮೇಲೆ ಮೆಟ್ಟಿಲ ಹತ್ತಿರ ನಿಜವಾದ ಮಾತುಕತೆ ಆಯಿತು. ಬಸ್ಸಿನವರಿಗೆ ರಾತ್ರಿ ನಿಲ್ಲಲು ಜಾಗ ಕೊಟ್ಟರೆ ಬಿಡುತ್ತೀರಾ ಎಂದು ಕೇಳಿದೆವು. “ಟಾಯ್ಲೆಟ್ ಇರುವ ಒಂದು ಕೋಣೆ ತೋರಿಸಿ, ನಾಳೆಯಿಂದಲೇ ಬಿಡುತ್ತೇವೆ” ಎಂದರು ಅವರು. ಕೊಡಲಾರರು ಎಂಬ ಧೈರ್ಯದಿಂದ ಹೇಳಿದ್ದೋ ಏನೋ.

ಯುವಕ ಮಂಡಲದ ಕಟ್ಟಡದಲ್ಲಿ ಒಂದು ಸಣ್ಣ ಕೋಣೆ ಇತ್ತು. ವಾಲಿಬಾಲ್ ನೆಟ್, ಅಷ್ಟಮಿಯ ಮೊಸರು ಕುಡಿಕೆಯ ಹಗ್ಗ, ಮುರಿದ ಕೇರಂ ಬೋರ್ಡ್, ನಾಲ್ಕು ಕಬ್ಬಿಣದ ಕುರ್ಚಿ. ಹಿಂದೆ ಬಚ್ಚಲು, ಟಾಯ್ಲೆಟ್. ಕೋಣೆ ಕೊಡುವುದಕ್ಕೆ ಮಂಡಲದ ಒಳಗೇ ಗಲಾಟೆ ಆಯಿತು. ಕುಡಿದು ಗಲಾಟೆ ಮಾಡಿದರೆ ಯಾರು ಜವಾಬ್ದಾರಿ, ಕರೆಂಟ್ ಬಿಲ್ ಯಾರು ಕಟ್ಟುವುದು, ನಾಳೆ ಕೋಣೆ ನಮ್ಮದೇ ಎಂದರೆ? ಆರ್‌ಟಿಎ ಸಭೆಗಿಂತ ಈ ಸಭೆ ಜಾಸ್ತಿ ಹೊತ್ತು ನಡೆಯಿತು. ಕರೆಂಟ್ ಬಿಲ್ ಮಾಲಕರು ಕೊಡುವುದು, ಕೀ ಎದುರಿನ ಅಂಗಡಿಯಲ್ಲಿ ಇಡುವುದು, ವರ್ಷಕ್ಕೊಮ್ಮೆ ಕಾಗದ ಹೊಸತು ಮಾಡುವುದು ಎಂದು ಬರೆದುಕೊಂಡ ಮೇಲೆ ಒಪ್ಪಿಗೆ ಆಯಿತು. ಎರಡು ಮಂಚ ಒಬ್ಬರು ಕೊಟ್ಟರು. ಬಸ್ ನಿಲ್ಲುವುದು ಅಂಗಳದಲ್ಲಿ, ಬೀದಿದೀಪದ ಕೆಳಗೆ. ಡೀಸೆಲ್ ಭಯ ಅದರಿಂದ ಹೋಯಿತು.

ಈಗ ಹೇಗಿದೆ?

ಮಾಲಕರು ವೇಳಾಪಟ್ಟಿ ಪರಿಷ್ಕರಣೆಗೆ ಅರ್ಜಿ ಹಾಕಿದರು. 8.50ರ ಟ್ರಿಪ್ ಬಿಟ್ಟುಕೊಟ್ಟೆವು. 8.20 ಈಗ 8.35 ಆಗಿದೆ, ಜವಳಿ ಅಂಗಡಿಯವರಿಗೂ ನರ್ಸ್‌ಗಳಿಗೂ ಸಿಗುವ ಹಾಗೆ. 9.20 ಹಾಗೇ ಉಂಟು. ಬೆಳಿಗ್ಗೆ 6.10 ವಾಪಸ್ ಬಂದಿದೆ, ಅದರಲ್ಲಿ ನಿಲ್ಲಲು ಜಾಗ ಇಲ್ಲ. ಮಂಗಳೂರು ಸೆಂಟ್ರಲ್‌ನಲ್ಲಿ ಬೆಳಗಿನ ರೈಲು ಹಿಡಿಯುವವರು ಇಷ್ಟು ಜನ ಇದ್ದರು ಎಂದು ನಮ್ಮಲ್ಲಿ ಯಾರಿಗೂ ಅಂದಾಜು ಇರಲಿಲ್ಲ. ಮಾಲಕರಿಗೆ ಈ ಇಡೀ ಏರ್ಪಾಡು ಉಳಿದಿರುವುದು ರಾತ್ರಿಯ ಟ್ರಿಪ್ಪಿನಿಂದ ಅಲ್ಲ, ಈ ಬೆಳಗಿನ ಟ್ರಿಪ್ಪಿನ ಕಲೆಕ್ಷನ್‌ನಿಂದ.

ಕೊನೆಯ ಸ್ಟಾಪಿನಲ್ಲಿ ಟೈಮಿಂಗ್ ಬೋರ್ಡ್ ಹಾಕಿದ್ದೇವೆ. ತಗಡಿಗೆ ಬಿಳಿ ಪೇಂಟ್, ಕಪ್ಪು ಅಕ್ಷರ. ಫ್ಲೆಕ್ಸ್ ಆದರೆ ಒಂದು ಮಳೆಗಾಲ ಬಾಳುವುದಿಲ್ಲ. ಹಂಪನಕಟ್ಟೆಯಲ್ಲಿ ಹಾಕಲು ಅನುಮತಿ ಬೇಕಂತೆ, ಅದು ಇನ್ನೂ ಸಿಕ್ಕಿಲ್ಲ.

ಸೈಕಲ್ ವಿಷಯ ಬಿಟ್ಟರೆ ವಿದ್ಯಾರ್ಥಿಗೆ ಬೇಸರ ಆಗುತ್ತದೆ. ಅವನ ವಾದ ಮೊದಲಿನಿಂದಲೂ ಬೇರೆ. ಹೆದ್ದಾರಿಯ ಕ್ರಾಸ್‌ವರೆಗೆ ಬಸ್ ಬೇಕಾದಷ್ಟು ಉಂಟು, ಅಲ್ಲಿಂದ ಮೂರು ಕಿಲೋಮೀಟರ್ ಸೈಕಲ್‌ನಲ್ಲಿ ಹೋದರೆ ಆಯಿತು. ಹೇಳಲು ಸುಲಭ. ಗುಡ್ಡದ ಏರು ಒಂದು ಕಡೆ ಇರಲಿ. ಇಲ್ಲಿನ ಕಾಂಕ್ರೀಟ್ ರಸ್ತೆಯ ಅಂಚಿನಲ್ಲಿ ಸೈಕಲ್ ಬಿಟ್ಟವರಿಗೆ ಗೊತ್ತು. ಕಾಂಕ್ರೀಟ್ ಮುಗಿಯುವಲ್ಲಿ ಗೇಣುದ್ದ ತಗ್ಗು, ಅದರಾಚೆ ಕೆಸರು, ಅದರಾಚೆ ಚರಂಡಿ. ಹಿಂದಿನಿಂದ ಟಿಪ್ಪರ್ ಬಂದರೆ ಇಳಿಯಲಿಕ್ಕೂ ಆಗುವುದಿಲ್ಲ, ಇಳಿದರೆ ಹತ್ತಲಿಕ್ಕೂ ಆಗುವುದಿಲ್ಲ. ನಡೆಯುವವರ ಪಾಡೂ ಅದೇ. ವಸತಿ ಪ್ರದೇಶದಲ್ಲೂ ನಡೆಯಲು ಕನಿಷ್ಠ 1.8 ಮೀಟರ್ ಅಗಲದ ತೆರವು ದಾರಿ ಬೇಕು ಎಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿ ಹೇಳುತ್ತದೆ. ಫುಟ್‌ಪಾತ್ ಬದುಕುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿದೆ. ನಮ್ಮ ಗುಡ್ಡದ ರಸ್ತೆಯಲ್ಲಿ ಆ 1.8 ಮೀಟರ್ ಅಳೆಯಬೇಕಾದರೆ ಚರಂಡಿಯ ಮೇಲೆಯೇ ಟೇಪ್ ಹಿಡಿಯಬೇಕು.

ಆದರೂ ಅವನು ಬಿಡಲಿಲ್ಲ. ಕ್ರಾಸ್‌ನ ಸೋಡಾ ಅಂಗಡಿಯವರನ್ನು ಒಪ್ಪಿಸಿ ಪಕ್ಕದ ಶೀಟಿನ ಕೆಳಗೆ ಸೈಕಲ್ ಬೀಗ ಹಾಕಲು ಒಂದು ಕಬ್ಬಿಣದ ಪೈಪ್ ಹಾಕಿಸಿದ್ದಾನೆ. ಕೆಲವು ಹುಡುಗರು ಹಗಲು ಹೊತ್ತು ಬಳಸುತ್ತಾರೆ. ಹೆಂಗಸರು ಒಬ್ಬರೂ ಬಳಸುವುದಿಲ್ಲ. ರಾತ್ರಿ ಆ ರಸ್ತೆಯ ಅರ್ಧ ದೂರಕ್ಕೆ ದೀಪ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹೇಗಿರುತ್ತದೆ ಎಂದು ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಸೈಕಲ್ ಬಸ್ಸಿನ ಬದಲಿಗೆ ಅಲ್ಲ, ಬಸ್ಸಿನ ಜೊತೆಗೆ ಎಂದು ಈಗ ಅವನೂ ಹೇಳುತ್ತಾನೆ. ಕಾಂಕ್ರೀಟ್ ಅಂಚಿಗೆ ಮಣ್ಣು ತುಂಬಿಸಿ ಮಟ್ಟ ಮಾಡಲು ಕೊಟ್ಟ ಅರ್ಜಿಗೆ ಒಂದು ಕಡೆ ಕೆಲಸ ಆಗಿದೆ, ತಿರುವಿನ ಹತ್ತಿರ ಬಾಕಿ.

ಆಗದೇ ಇರುವುದು ಬೇರೆಯೂ ಉಂಟು. ಭಾನುವಾರ ಪರ್ಮಿಟ್‌ನಲ್ಲಿ ರಜೆ ಎಂದು ಎಲ್ಲೂ ಬರೆದಿಲ್ಲ, ಆದರೂ ರಾತ್ರಿಯ ಎರಡೂ ಟ್ರಿಪ್ ಇಲ್ಲ. ಆಸ್ಪತ್ರೆಗೆ ಭಾನುವಾರ ರಜೆ ಉಂಟಾ? ಮಾಲಕರು ಈ ಮಾತಿಗೆ ಇನ್ನೂ ಬಗ್ಗಿಲ್ಲ, ಡ್ರೈವರ್‌ಗೂ ವಾರಕ್ಕೊಂದು ದಿನ ಬೇಕಲ್ಲ ಎನ್ನುತ್ತಾರೆ. ಬದಲಿ ಡ್ರೈವರ್ ಹುಡುಕುವುದು ಅವರ ಕೆಲಸ ಎಂದು ನಾವು ಹೇಳುತ್ತೇವೆ. ಕೋಣೆ ಕೊಟ್ಟದ್ದೇ ಜಾಸ್ತಿ, ಇನ್ನು ಡ್ರೈವರನ್ನೂ ನಾವೇ ಹುಡುಕಿಕೊಡಬೇಕಾ?

ಕೆಎಸ್‌ಆರ್‌ಟಿಸಿ ಬಸ್ಸಿನ ಬೇಡಿಕೆಯನ್ನು ಹೆಂಗಸರು ಬಿಟ್ಟಿಲ್ಲ, ಬಿಡಬೇಕಾಗಿಯೂ ಇಲ್ಲ. ಕಾಯ್ದೆಯ 87ನೇ ಕಲಂನಲ್ಲಿ ತಾತ್ಕಾಲಿಕ ಪರ್ಮಿಟ್ ಎಂದು ಉಂಟು. ಗರಿಷ್ಠ ನಾಲ್ಕು ತಿಂಗಳಿಗೆ ಕೊಡಬಹುದು, ವಿಶೇಷ ಸಂದರ್ಭ, ತಾತ್ಕಾಲಿಕ ಅಗತ್ಯ ಅಂಥದ್ದೇನಾದರೂ ತೋರಿಸಬೇಕು. ಭಾನುವಾರದ ರಾತ್ರಿ ಟ್ರಿಪ್‌ಗೆ ಅದನ್ನೇ ಹಿಡಿದು ನಿಗಮದ ವಿಭಾಗ ಕಚೇರಿಗೆ ಒಂದು ಮನವಿ, ಆರ್‌ಟಿಎಗೆ ಒಂದು ಪ್ರತಿ ಹೋಗಿದೆ. ಮಾಲಕರಿಗೂ ಒಂದು ಪ್ರತಿ ಕೊಟ್ಟಿದ್ದೇವೆ. ಸರ್ಕಾರಿ ಬಸ್ ಬರುತ್ತದೆ ಎಂದಾದರೆ ಅವರಿಗೆ ಭಾನುವಾರದ ಡ್ರೈವರ್ ಸಿಕ್ಕರೂ ಸಿಗಬಹುದು. ಉತ್ತರಕ್ಕೆ ಕಾಯುತ್ತಿದ್ದೇವೆ. ಭಾನುವಾರದ ಲೆಕ್ಕದ ಪುಸ್ತಕ ಈ ಸಲ ಅಂಗಡಿ ಕೆಲಸದ ಹೆಂಗಸರ ಕೈಯಲ್ಲೇ ಉಂಟು, ಕಾಲಂ ನಾಲ್ಕೇ.